ಸವಾಲು ಕೂಗುವವನಿಗೆ ಲೈಸೆನ್ಸ್ ಬೇಡವಾ?

ಈರುಳ್ಳಿ ಹೊಲ:
ನಮ್ಮದು ಹಿರಿಯೂರು ಕಡೆ. ಹೋದ ತಿಂಗಳು 60 ಚೀಲ ಈರುಳ್ಳಿ ಹಾಕಿಕೊಂಡು ಒಂದು ದೊಡ್ಡ ಮಾರುಕಟ್ಟೆಗೆ ಹೋಗಿದ್ದೆ. ಯಾವ ಊರು, ಯಾವ ಮಂಡಿ ಅಂತ ಇಲ್ಲಿ ಬರೆಯುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಬೆಳಿಗ್ಗೆ ಎಂಟೂವರೆಗೆ ಹರಾಜು ಶುರುವಾಯಿತು. ಕೂಗುವವನು ಒಬ್ಬ ಹುಡುಗ, ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಒಂದು ಚೀಲದ ಬಾಯಿ ಬಿಚ್ಚಿ ನಾಲ್ಕು ಗೆಡ್ಡೆ ನೆಲಕ್ಕೆ ಚೆಲ್ಲಿದ. ಕ್ವಿಂಟಲಿಗೆ 1,500ಕ್ಕೆ ಶುರು ಮಾಡಿ ಐವತ್ತು ಐವತ್ತು ಏರಿಸಿ 1,800ಕ್ಕೆ ನಿಲ್ಲಿಸಿದ. ಹಿಂದಿನಿಂದ ಯಾರೋ 1,850 ಅಂದ ಹಾಗೆ ನನಗೆ ಕೇಳಿಸಿತು. ಅಷ್ಟರಲ್ಲಿ ಹುಡುಗ ಪಕ್ಕದ ರಾಶಿಯ ಮೇಲೆ ನಿಂತಿದ್ದ. ನಾಲ್ಕು ತಿಂಗಳ ಬೆಳೆ, ಒಂದು ನಿಮಿಷದ ಮಾತು.

ಆಮೇಲೆ ಸಿಕ್ಕಿದ್ದು ಒಂದು ಬಿಳಿ ಚೀಟಿ. ಅಂಗಡಿ ಹೆಸರಿಲ್ಲ, ನಂಬರ್ ಇಲ್ಲ. ತೂಕ 30 ಕ್ವಿಂಟಲ್ ಬಂದಿತ್ತು. ಚೀಲಕ್ಕೆ ಒಂದು ಕೆ.ಜಿ. ಸೂಟು, ಅಂದರೆ ತೂಕದ ಕಡಿತ, ಅಂತ 60 ಕೆ.ಜಿ. ಕಳೆದು 29.4 ಕ್ವಿಂಟಲ್ ಬರೆದಿದ್ದಾರೆ. 52,920 ರೂಪಾಯಿ ಆಯಿತು. ಅದರಲ್ಲಿ ನೂರಕ್ಕೆ ಎಂಟರ ಲೆಕ್ಕದಲ್ಲಿ ಕಮಿಷನ್ 4,234. ಹಮಾಲಿ 600. ಲಾರಿ ಬಾಡಿಗೆ 4,800. ಕೈಗೆ ಬಂದದ್ದು 43,286.

ನಮ್ಮೂರಲ್ಲಿ ಬೀಡಿ ಅಂಗಡಿ ಇಡುವುದಕ್ಕೂ ಪಂಚಾಯಿತಿ ಕಾಗದ ಕೇಳುತ್ತದೆ. ದಿನಕ್ಕೆ ಲಕ್ಷಗಟ್ಟಲೆ ಮಾಲಿನ ಬೆಲೆಯನ್ನು ಬಾಯಲ್ಲೇ ತೀರ್ಮಾನ ಮಾಡುವ ಈ ಹುಡುಗನಿಗೆ ಯಾವ ಲೈಸೆನ್ಸೂ ಬೇಡವಾ? ಗೊತ್ತಿರುವವರು ಹೇಳಿ.

ನಿವೃತ್ತ ತಕ್ಕಡಿ:
ತಮ್ಮಾ, ನಾನು ಎಪಿಎಂಸಿಯಲ್ಲಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲಿ, ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿನ್ನ ಪ್ರಶ್ನೆಗೆ ನೇರ ಉತ್ತರ ಹೇಳುತ್ತೇನೆ. ಲೈಸೆನ್ಸ್ ಇರುವುದು ಅಂಗಡಿಗೆ, ಆ ಹುಡುಗನಿಗಲ್ಲ.

ನಮ್ಮಲ್ಲಿ ನಡೆಯುವುದು 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರಾಟ ಕಾಯ್ದೆ. ಅದಕ್ಕೆ ಮೊದಲು ಒಂದೊಂದು ಸೀಮೆಗೆ ಒಂದೊಂದು ಕಾಯ್ದೆ ಇತ್ತು. ಮೈಸೂರಿನದು 1939ರದ್ದು. ಬೆಳಗಾವಿ, ಧಾರವಾಡದ ಕಡೆ ಬಾಂಬೆಯದು, ಕಲಬುರಗಿ ಕಡೆ ಹೈದರಾಬಾದಿನದು, ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೆ ಮದ್ರಾಸಿನದು. ಹರಾಜು ಅನ್ನುವ ಪದ ಕೂಡ ಹಾಗೇ ಅಲ್ವಾ? ನೀವು ಹರಾಜು, ಸವಾಲು ಅನ್ನುತ್ತೀರಿ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಲಿಲಾವು ಅನ್ನುತ್ತಾರೆ. ಕರಾವಳಿಯವರಿಗೆ ಅದು ಏಲಂ. ಇದೆಲ್ಲವನ್ನೂ ಒಂದೇ ಕಾಯ್ದೆಯ ಕೆಳಗೆ ತಂದದ್ದು 1966ರಲ್ಲಿ.

ಈ ಕಾಯ್ದೆಯಲ್ಲಿ ವರ್ತಕನಿಗೆ ಲೈಸೆನ್ಸ್ ಬೇಕು. ಕಮಿಷನ್ ಏಜೆಂಟನಿಗೆ, ಅಂದರೆ ದಲಾಲನಿಗೆ, ಬೇಕು. ಬ್ರೋಕರಿಗೆ ಬೇಕು. ತೂಕ ಮಾಡುವವನಿಗೆ ಬೇಕು. ಮೂಟೆ ಹೊರುವ ಹಮಾಲನಿಗೂ ಬೇಕು. ಪರವಾನಗಿ ಇದ್ದ ಹಮಾಲರಿಗೇ ಸರ್ಕಾರದ ನೆರವಿನ ಯೋಜನೆ ಕೂಡ ಇದೆ. ಆದರೆ ಅಂಗಡಿ ಪರವಾಗಿ ನಿಂತು ಕೂಗುವ ಗುಮಾಸ್ತನಿಗೆ ಅಂತ ಪ್ರತ್ಯೇಕ ಲೈಸೆನ್ಸ್ ಕೊಟ್ಟದ್ದನ್ನು ನನ್ನ ಸರ್ವಿಸ್‌ನಲ್ಲಿ ನೋಡಿಲ್ಲ. ಚೀಲ ಎತ್ತುವವನ ಬಳಿ ಬ್ಯಾಡ್ಜ್ ಇದೆ, ಬೆಲೆ ಎತ್ತುವವನ ಬಳಿ ಇಲ್ಲ.

ಇನ್ನೊಂದು ಮಾತು, ಇದು ನಿನಗೆ ಜಾಸ್ತಿ ಮುಖ್ಯ. ಕಮಿಷನ್ ಅನ್ನು ಕೊಳ್ಳುವವನಿಂದ ತೆಗೆದುಕೊಳ್ಳಬೇಕು. ರೈತನಿಂದ ಒಂದು ಪೈಸೆಯೂ ಹಿಡಿಯುವ ಹಾಗಿಲ್ಲ. ಮಾರುಕಟ್ಟೆ ಶುಲ್ಕವೂ ಕೊಳ್ಳುವವನದೇ. ನೂರಕ್ಕೆ ಎಂಟು ನಿನ್ನಿಂದ ಕಳೆದದ್ದು ತಪ್ಪು. ಸೂಟು ಕಳೆದದ್ದೂ ತಪ್ಪು. ಬಿಳಿ ಚೀಟಿ ಕೊಟ್ಟದ್ದು ಮೂರನೇ ತಪ್ಪು. ಬರೀ ಸೂಟಿನಲ್ಲಿ ನಿನಗೆ 1,080 ಹೋಗಿದೆ, ಲೆಕ್ಕ ಹಾಕಿ ನೋಡು.

ಮಂಡಿ ಮನೆ ಹುಡುಗ:
ನಾನು ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ಬಂದಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ದಲಾಲಿ ಮಂಡಿ. ನಾನೂ ಹತ್ತೊಂಬತ್ತನೇ ವಯಸ್ಸಿಗೆ ಕೂಗುವುದಕ್ಕೆ ನಿಂತವನು.

ಸರ್ ಹೇಳಿದ ಕಾನೂನು ಸರಿಯೇ. ನಡೆಯುವುದು ಯಾಕೆ ಬೇರೆ ಅಂತ ನಾನು ಹೇಳುತ್ತೇನೆ. ಈರುಳ್ಳಿ ಕೊಂಡವನು ನಮಗೆ ಆವತ್ತೇ ದುಡ್ಡು ಕೊಡುವುದಿಲ್ಲ. ಹದಿನೈದು ದಿನ, ಕೆಲವು ಸಲ ತಿಂಗಳು. ರೈತ ಮಾತ್ರ ಲಾರಿ ಹತ್ತುವ ಮೊದಲು ನಗದು ಕೇಳುತ್ತಾನೆ. ನಡುವೆ ದುಡ್ಡು ಹಾಕುವವರು ನಾವು. ಬಿತ್ತನೆಗೆ, ಗೊಬ್ಬರಕ್ಕೆ, ಮಗಳ ಮದುವೆಗೆ ಮುಂಗಡ ಕೊಡುವವರೂ ನಾವೇ. ಕೊಂಡವನು ಕೈಯೆತ್ತಿದರೆ ಮುಳುಗುವವರೂ ನಾವೇ. ಎರಡು ವರ್ಷದ ಹಿಂದೆ ಒಬ್ಬ ಹೊರ ರಾಜ್ಯದ ಖರೀದಿದಾರ ನಮಗೆ ಹನ್ನೊಂದು ಲಕ್ಷ ಟೋಪಿ ಹಾಕಿದ. ಆವತ್ತು ಯಾವ ರೈತನಿಗೂ ನಾವು ಬಾಕಿ ಉಳಿಸಲಿಲ್ಲ.

ಕಮಿಷನ್ ಅನ್ನು ಖರೀದಿದಾರನ ಮೇಲೆ ಹಾಕಿದರೆ ಅವನು ಪಕ್ಕದ ಮಂಡಿಗೆ ಹೋಗುತ್ತಾನೆ. ರೈತ ಹೋಗುವುದಿಲ್ಲ, ಯಾಕೆಂದರೆ ಅವನ ಮುಂಗಡ ನಮ್ಮ ಪುಸ್ತಕದಲ್ಲಿದೆ. ಇದೇ ನಿಜವಾದ ವಿಷಯ. ಬೇಜಾರಾದರೂ ಹೇಳಿದ್ದೇನೆ.

ಈರುಳ್ಳಿ ಹೊಲ:
ಅಣ್ಣ, ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ನನ್ನ ಮುಂಗಡ ಯಾರ ಪುಸ್ತಕದಲ್ಲೂ ಇಲ್ಲ, ಆದರೂ ಎಂಟು ಕಳೆದರು. ಮತ್ತೆ ನಿಮ್ಮ ಮಾತಿನಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಖರೀದಿದಾರ ಓಡಿ ಹೋಗುತ್ತಾನೆ ಅನ್ನುವ ಭಯ ನಿಮಗಿದ್ದರೆ, ನೀವು ಕೂಗುವಾಗ ಯಾರ ಕಡೆ ನಿಂತು ಕೂಗುತ್ತೀರಿ? 1,850 ಅಂದದ್ದು ಕೇಳಿಸದೆ ಇದ್ದದ್ದು ಅದಕ್ಕೇನಾ?

ಮಂಡಿ ಮನೆ ಹುಡುಗ:
ಒಳ್ಳೆಯ ಕೂಗುಗಾರನಿಗೆ ಎಲ್ಲವೂ ಕೇಳಿಸುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ.

ಅವನಿಗೆ ಎರಡು ಯೋಚನೆ ಇರುತ್ತದೆ. ಒಂದು, 1,850 ಅಂದವನು ದುಡ್ಡು ಕೊಡುವ ಆಸಾಮಿಯಾ ಅಂತ. ಕೆಲವರು ಸುಮ್ನೆ ಏರಿಸಿ ಮಧ್ಯಾಹ್ನ ಮಾಲು ಸರಿ ಇಲ್ಲ ಅಂತ ಜಗಳ ತೆಗೆಯುತ್ತಾರೆ. ಅಂಥವರ ಮಾತನ್ನು ನಾವು ಬೇಕೆಂದೇ ಬಿಟ್ಟುಬಿಡುತ್ತೇವೆ. ಇನ್ನೊಂದು ಯೋಚನೆ ನೀವು ಹೇಳಿದ್ದೇ. ಇಲ್ಲ ಅಂತ ಸುಳ್ಳು ಹೇಳಲಾರೆ.

ಕರಿಕೋಟು:
ವಕೀಲಿ ಮಾಡುವವನಾಗಿ ನಡುವೆ ಬಾಯಿ ಹಾಕುತ್ತೇನೆ. "ಯಾರ ಕಡೆ" ಅನ್ನುವುದಕ್ಕೆ ಕಾನೂನಿನಲ್ಲಿ ಅನುಮಾನವೇ ಇಲ್ಲ. ಹರಾಜು ಕೂಗುವವನು ಮಾರುವವನ ಏಜೆಂಟ್. ಮಾಲು ಯಾರದೋ ಅವನ ಪರ.

ಎಪಿಎಂಸಿ ಕಾಯ್ದೆಯನ್ನು ಪಕ್ಕಕ್ಕಿಡಿ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಪೂರ್ತಿ ಹರಾಜಿನ ಬಗ್ಗೆಯೇ ಇದೆ. ಪ್ರತಿ ಲಾಟೂ, ಅಂದರೆ ಪ್ರತಿ ರಾಶಿಯೂ, ಬೇರೆ ಬೇರೆ ವ್ಯವಹಾರ. ಸುತ್ತಿಗೆ ಬಿದ್ದಾಗ, ಅಥವಾ ಆ ಕಡೆ ರೂಢಿಯಲ್ಲಿರುವ ರೀತಿಯಲ್ಲಿ ಮುಗಿಯಿತು ಅಂತ ಸಾರಿದಾಗ, ಮಾರಾಟ ಪೂರ್ತಿಯಾಗುತ್ತದೆ. ಅಲ್ಲಿಯವರೆಗೆ ಕೂಗಿದವನು ತನ್ನ ಮಾತು ವಾಪಸ್ ಪಡೆಯಬಹುದು. ಮಾರುವವನಿಗೆ ತಾನೂ ಕೂಗುವ ಆಸೆ ಇದ್ದರೆ ಮೊದಲೇ ಸಾರಿರಬೇಕು. ಸಾರದೆ ತನ್ನ ಕಡೆಯವನನ್ನು ಜನರ ನಡುವೆ ನಿಲ್ಲಿಸಿ ಏರಿಸಿದರೆ ಕೊಂಡವನು ಅದನ್ನು ಮೋಸ ಅಂತ ತೆಗೆದುಕೊಳ್ಳಬಹುದು, ವ್ಯವಹಾರ ಮುರಿಯಬಹುದು.

ಒಂದು ತಮಾಷೆ ನೋಡಿ. ಈ ಕಲಮು ಸುಳ್ಳು ಏರಿಕೆಯಿಂದ ಕೊಳ್ಳುವವನನ್ನು ಕಾಪಾಡುತ್ತದೆ. ನಾಲ್ಕು ಖರೀದಿದಾರರು ಚಹಾ ಅಂಗಡಿಯಲ್ಲಿ ಕೂತು "ಇವತ್ತು 1,800 ದಾಟುವುದು ಬೇಡ" ಅಂತ ಮಾತಾಡಿಕೊಂಡರೆ ಮಾರುವವನನ್ನು ಕಾಪಾಡುವ ಸಾಲು ಅದರಲ್ಲಿ ಇಲ್ಲ. ಆ ಜಾಗವನ್ನು ತುಂಬಬೇಕಾದದ್ದೇ ಎಪಿಎಂಸಿ.

ಬಂದರು ಗಾಳಿ:
ಮಾರಾಯ್ರೆ, ನಮ್ಮ ಮಲ್ಪೆಗೆ ಒಮ್ಮೆ ಬನ್ನಿ. ಬೆಳಗಿನ ಜಾವ ಬೋಟಿನಿಂದ ಮೀನು ಇಳಿಯುತ್ತಿದ್ದಂತೆ ಏಲಂ ಶುರು. ಐಸ್ ಕರಗುವ ಮೊದಲು ಮುಗಿಯಬೇಕು. ನೀವು ಒಂದು ನಿಮಿಷ ಅಂತ ಬೇಸರ ಮಾಡಿಕೊಂಡಿರಿ, ಇಲ್ಲಿ ಅರ್ಧ ನಿಮಿಷ ಸಿಕ್ಕರೆ ಪುಣ್ಯ. ಲೈಸೆನ್ಸ್ ತೋರಿಸು ಅಂದರೆ ಬಂಗುಡೆ ತೋರಿಸಿಯಾರು!

ರಾಲಿ ಕನ್ನಡಿಗ:
ನಾನು ಪಿರಿಯಾಪಟ್ಟಣದವನು. ಹತ್ತು ವರ್ಷದಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ನಮ್ಮೂರಿಗೂ ಈ ರಾಜ್ಯಕ್ಕೂ ಒಂದು ನಂಟಿದೆ, ವರ್ಜೀನಿಯಾ ತಂಬಾಕು. ಒಂದು ಕಾಲದಲ್ಲಿ ಇಲ್ಲಿನ ತಂಬಾಕು ಗೋದಾಮುಗಳಲ್ಲಿ ಹರಾಜು ಕೂಗುವುದು ಹಾಡಿನ ಹಾಗಿತ್ತಂತೆ. ಉಸಿರು ಬಿಡದೆ ಅಂಕಿಗಳನ್ನೇ ರಾಗ ಎಳೆದು ಹೇಳುತ್ತಿದ್ದರಂತೆ. ಈಗ ಬಹುತೇಕ ರೈತರು ಕಂಪನಿಗಳ ಜೊತೆ ನೇರ ಒಪ್ಪಂದ ಮಾಡಿಕೊಳ್ಳುತ್ತಾರೆ.

ಇಲ್ಲಿ ಕೂಗುವ ಮನುಷ್ಯನಿಗೇ ಲೈಸೆನ್ಸ್ ಬೇಕು. ಹರಾಜುಗಾರರಿಗೆ ಅಂತಲೇ ರಾಜ್ಯದ ಆಯೋಗ ಇದೆ. ಒಪ್ಪಿಗೆ ಪಡೆದ ಹರಾಜು ಶಾಲೆಯಲ್ಲಿ 80 ಗಂಟೆ ಕಲಿಯಬೇಕು, ಇಲ್ಲವೇ ಲೈಸೆನ್ಸ್ ಇದ್ದವರ ಕೈಕೆಳಗೆ ಎರಡು ವರ್ಷ ಪಳಗಬೇಕು. ಆಮೇಲೆ ಪರೀಕ್ಷೆ. ಹೌದು, ಹರಾಜು ಶಾಲೆ! ನಾನೂ ಮೊದಲು ನಕ್ಕಿದ್ದೆ. ಲೈಸೆನ್ಸ್ ಇದ್ದವರ ಶುಲ್ಕದಿಂದ ಒಂದು ನಿಧಿ ಕೂಡಿಸಿಡುತ್ತಾರೆ. ಹರಾಜುಗಾರ ಮೋಸ ಮಾಡಿ, ಕೋರ್ಟು ಹೇಳಿದರೂ ದುಡ್ಡು ಕೊಡದಿದ್ದರೆ ಕಳೆದುಕೊಂಡವರಿಗೆ ಆ ನಿಧಿಯಿಂದ ಸ್ವಲ್ಪ ಸಿಗುತ್ತದೆ.

ದೇಶಕ್ಕೆಲ್ಲ ಇದೇ ನಿಯಮ ಅಂದುಕೊಳ್ಳಬೇಡಿ. ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ ಹರಾಜುಗಾರರ ಮಂಡಳಿಯೇ ಇತ್ತು. 1993ರಲ್ಲಿ ಅದನ್ನು ಮುಚ್ಚಿದರು. ಈಗ ಪರೀಕ್ಷೆ ಇಲ್ಲ, 20,000 ಡಾಲರಿನ ಜಾಮೀನು ಬಾಂಡ್ ಇಟ್ಟರೆ ಕೂಗಬಹುದು.

ನಮಗೆ ಹತ್ತಿರವಾದದ್ದು ಇಲ್ಲಿನ ದನದ ಸಂತೆಯ ಕಾನೂನು. ಅದು 1921ರಷ್ಟು ಹಳೆಯದು, ಕೇಂದ್ರ ಸರ್ಕಾರದ್ದು. ದನ ಮಾರಿ ಬಂದ ದುಡ್ಡನ್ನು ಹರಾಜು ಅಂಗಡಿಯವನು ತನ್ನ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಅದು ರೈತರ ದುಡ್ಡು ಅಂತ ಬೇರೆ ಖಾತೆಯಲ್ಲಿ ಇರಬೇಕು. ಮಾರನೆಯ ಕೆಲಸದ ದಿನ ಮುಗಿಯುವುದರೊಳಗೆ ಮಾರಿದವನಿಗೆ ಪಾವತಿಯಾಗಬೇಕು. ಮಂಡಿ ಮನೆಯವರು ಹೇಳಿದ ಹದಿನೈದು ದಿನದ ಉದ್ರಿಗೆ ಔಷಧಿ ಇದೇ ಅನಿಸುತ್ತದೆ.

ಮುಕ್ತ ಸಂತೆ:
ಎಲ್ಲದಕ್ಕೂ ಲೈಸೆನ್ಸ್ ಅನ್ನುವ ರೋಗ ನಮಗೆ ಯಾವಾಗ ಬಿಡುತ್ತದೋ. ಕೂಗುವುದಕ್ಕೆ 80 ಗಂಟೆ ಪಾಠ ಯಾಕೆ? ಈಗಾಗಲೇ ಕೂಗುತ್ತಿರುವವರು ಹೊಸಬರನ್ನು ಹೊರಗಿಡಲು ಹಾಕಿಸಿದ ಬೇಲಿ ಅದು. ನಮ್ಮ ಎಪಿಎಂಸಿಯಲ್ಲೂ ಅದೇ ಕಥೆ. ಲೈಸೆನ್ಸ್ ಇರುವ ಹತ್ತು ಜನ ಸೇರಿ ದರ ಕಟ್ಟುತ್ತಾರೆ. ಹನ್ನೊಂದನೆಯವನು ಬರಬೇಕು ಅಂದರೆ ಮಾರುಕಟ್ಟೆ ಯಾರ್ಡಿನಲ್ಲಿ ಅಂಗಡಿ ಸಿಗುವುದಿಲ್ಲ. 2020ರ ಕೇಂದ್ರದ ಕೃಷಿ ಕಾಯ್ದೆಯಲ್ಲಿ ಪ್ಯಾನ್ ಕಾರ್ಡ್ ಇದ್ದರೆ ಸಾಕು, ಯಾರು ಬೇಕಾದರೂ ಕೊಳ್ಳಬಹುದು ಅಂತ ಇತ್ತು. ಅದನ್ನು ಬಿಟ್ಟುಕೊಟ್ಟೆವು.

ನಿವೃತ್ತ ತಕ್ಕಡಿ:
ಹತ್ತು ಜನ ಸೇರಿ ದರ ಕಟ್ಟುತ್ತಾರೆ ಅನ್ನುವುದು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಪ್ಯಾನ್ ಕಾರ್ಡ್ ಮಾತಿಗೆ ಒಪ್ಪುವುದಿಲ್ಲ. ಆ ಕೇಂದ್ರ ಕಾಯ್ದೆಯಲ್ಲೂ ಆವತ್ತೇ, ತಪ್ಪಿದರೆ ಮೂರು ಕೆಲಸದ ದಿನದೊಳಗೆ ದುಡ್ಡು ಕೊಡಬೇಕು ಅಂತ ಬರೆದಿತ್ತು. ಕೊಡದಿದ್ದರೆ? ಎಸಿ ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಯ, ಕಚೇರಿಗೆ ಅರ್ಜಿ. ನಮ್ಮ ಯಾರ್ಡಿನಲ್ಲಿ ದುಡ್ಡು ಕೊಡದವನ ಅಂಗಡಿ ಮುಂದೆ ನಾನೇ ಹೋಗಿ ನಿಂತು, ಲೈಸೆನ್ಸ್ ಅಮಾನತು ಮಾಡಿಸುತ್ತೇನೆ ಅಂತ ಹೆದರಿಸಿ ಸಂಜೆಯೊಳಗೆ ದುಡ್ಡು ಎಣಿಸಿಸಿದ್ದು ಎಷ್ಟೋ ಸಲ ಇದೆ. ಪ್ಯಾನ್ ಕಾರ್ಡನ್ನು ಅಮಾನತು ಮಾಡುತ್ತೇನೆ ಅಂತ ಹೆದರಿಸಲು ಆಗುತ್ತದಾ?

ಲೈಸೆನ್ಸಿನ ಜೊತೆ ಭದ್ರತೆಯ ದುಡ್ಡೋ ಬ್ಯಾಂಕ್ ಗ್ಯಾರಂಟಿಯೋ ಇಡಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಆ ಮೊತ್ತ ಒಂದು ಸಂತೆ ದಿನದ ವ್ಯಾಪಾರಕ್ಕೂ ಸಾಲುವುದಿಲ್ಲ. ಅದನ್ನು ಏರಿಸಿ ಅಂದರೆ ವರ್ತಕರ ಸಂಘದವರು ಬಂದ್ ಮಾಡುತ್ತಾರೆ.

2020ರಲ್ಲೇ ನಮ್ಮ ರಾಜ್ಯದ ಕಾಯ್ದೆಗೂ ತಿದ್ದುಪಡಿ ಬಂತು. ಎಪಿಎಂಸಿಯ ಅಧಿಕಾರ ಯಾರ್ಡಿನ ಕಾಂಪೌಂಡಿನೊಳಗೆ ಮಾತ್ರ ಅಂತಾಯಿತು. ಮಾರುಕಟ್ಟೆ ಶುಲ್ಕ ನೂರಕ್ಕೆ ಒಂದೂವರೆ ಇದ್ದದ್ದು 35 ಪೈಸೆಗೆ ಇಳಿಯಿತು, ಆಮೇಲೆ 60 ಪೈಸೆಗೆ ಬಂತು. ಸಮಿತಿಗಳ ಆದಾಯ ಕುಸಿಯಿತು. ಕಸ ಗುಡಿಸುವವರಿಗೆ ಸಂಬಳ ಕೊಡಲೂ ತಿಣುಕಿದ ಸಮಿತಿ ಇದೆ. 2023ರಲ್ಲಿ ಆ ತಿದ್ದುಪಡಿಯನ್ನು ತೆಗೆಯುವ ಮಸೂದೆಯನ್ನು ವಿಧಾನಸಭೆಯಲ್ಲಿ ತಂದರು. ಕೇಂದ್ರದ ಕಾಯ್ದೆಗಳು 2021ರ ನವೆಂಬರಿನಲ್ಲೇ ಹೋದವು.

ಮುಕ್ತ ಸಂತೆ:
ಬಿಹಾರದಲ್ಲಿ 2006ರಲ್ಲೇ ಎಪಿಎಂಸಿ ಕಾಯ್ದೆ ತೆಗೆದರು, ಕೇರಳದಲ್ಲಿ ಅದು ಇರಲೇ ಇಲ್ಲ. ಅಲ್ಲಿನ ರೈತರು ಮಾರುತ್ತಿಲ್ಲವಾ?

ನಿವೃತ್ತ ತಕ್ಕಡಿ:
ಮಾರುತ್ತಾರೆ. ಬಿಹಾರದ ಮೆಕ್ಕೆಜೋಳದ ದರ ನೋಡಿಕೊಂಡು ಬಾ, ಆಮೇಲೆ ಮಾತಾಡೋಣ.

ಹಿಪ್ಪುನೇರಳೆ:
ನಾವು ರೇಷ್ಮೆ ಬೆಳೆಯುವವರು, ಗೂಡನ್ನು ರಾಮನಗರಕ್ಕೆ ಹಾಕುತ್ತೇವೆ. ನಮ್ಮದು ಪೂರ್ತಿ ಬೇರೆ ಲೋಕ. ಅಲ್ಲಿ ಮಂಡಿ ಇಲ್ಲ, ದಲಾಲರಿಲ್ಲ. ಮಾರುಕಟ್ಟೆಯೇ ಸರ್ಕಾರದ್ದು, ರೇಷ್ಮೆ ಇಲಾಖೆಯದು. 1959ರ ಕಾಯ್ದೆಯ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು. ಕೊಳ್ಳುವ ರೀಲರಿಗೆ, ಅಂದರೆ ಗೂಡಿನಿಂದ ನೂಲು ತೆಗೆಯುವವನಿಗೆ, ಲೈಸೆನ್ಸ್ ಇರಬೇಕು.

ನಾನು ಚಿಕ್ಕವನಿದ್ದಾಗ ಅಲ್ಲೂ ಬಾಯಿ ಹರಾಜೇ. ಅಪ್ಪನ ಜೊತೆ ಜಾಲರಿಯ ಪಕ್ಕ ನಿಂತಿರುತ್ತಿದ್ದೆ. ರೀಲರುಗಳು ಗುಂಪಾಗಿ ಬಂದು ಗೂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಮುಖ ಸಿಂಡರಿಸಿ, ಒಂದು ದರ ಹೇಳುವುದು. ಅಪ್ಪ ಒಪ್ಪದಿದ್ದರೆ "ಮಧ್ಯಾಹ್ನದವರೆಗೆ ಇಟ್ಟುಕೊಂಡು ಕೂತಿರಪ್ಪ" ಅಂತ ಹೋಗುವುದು. ಗೂಡಿನೊಳಗೆ ಹುಳ ಇದೆ, ಎಷ್ಟು ದಿನ ಕೂರುವುದಕ್ಕೆ ಆಗುತ್ತದೆ? ಅಪ್ಪ ಹೂಂ ಅನ್ನುತ್ತಿದ್ದರು.

ಈಗ ಇ-ಹರಾಜು. ನಮ್ಮ ಲಾಟಿಗೆ ನಂಬರ್ ಬರುತ್ತದೆ. ರೀಲರುಗಳು ಮೊಬೈಲಿನಲ್ಲೇ ದರ ಹಾಕುತ್ತಾರೆ. ಕೊನೆಯ ದರ ನೋಡಿ ಬೇಕಾದರೆ ಒಪ್ಪುತ್ತೇವೆ, ಬೇಡವಾದರೆ ಇಲ್ಲ. ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ರೀಲರುಗಳಿಗೆ ಇದು ಕಷ್ಟ, ಉದ್ರಿ ಇಲ್ಲ. ಸಣ್ಣ ರೀಲರುಗಳು ಬೈದುಕೊಂಡೇ ಇರುತ್ತಾರೆ. ಅವರದ್ದೂ ಹೊಟ್ಟೆಪಾಡು.

ನಮಗೆ ಏನು ಬದಲಾಯಿತು ಅಂದರೆ, ದರ ಜಾಸ್ತಿ ಆಯಿತು ಅಂತ ಎದೆ ತಟ್ಟಿ ಹೇಳಲಾರೆ. ಅದು ಚೀನಾ ರೇಷ್ಮೆ, ಮಳೆ, ಎಲ್ಲದರ ಮೇಲೆ ಹೋಗುತ್ತದೆ. ಆದರೆ ಮುಖ ಸಿಂಡರಿಸುವವರು ಎದುರಿಗಿಲ್ಲ. ಅದೇ ದೊಡ್ಡದು.

ರಾಲಿ ಕನ್ನಡಿಗ:
ತಂಬಾಕಿನಲ್ಲೂ ಹಾಗೇ ಇದೆ, ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದೆವು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಬೆಳೆಯುವವನೂ ನೋಂದಣಿ ಮಾಡಿಸಬೇಕು, ಕೊಳ್ಳುವ ಕಂಪನಿಯೂ ಮಾಡಿಸಬೇಕು. ಹರಾಜು ನಡೆಸುವುದು ಮಂಡಳಿಯೇ. ಕೊಳ್ಳುವವರಿಂದ ಆಸೆ ಪಡುವುದಕ್ಕೆ ಅಲ್ಲಿ ಅಂಗಡಿಯವನೇ ಇಲ್ಲ. ಹಾಗಿದ್ದೂ ದರ ಬಿದ್ದಾಗ ಹುಣಸೂರು, ಪಿರಿಯಾಪಟ್ಟಣದಲ್ಲಿ ರೈತರು ಹರಾಜು ನಿಲ್ಲಿಸಿದ್ದುಂಟು. ಕೊಳ್ಳುವ ಕಂಪನಿಗಳೇ ಕೈಬೆರಳಷ್ಟು ಅಂದಮೇಲೆ ಕೂಗುವವನು ದೇವರಾದರೂ ಏನು ಮಾಡುತ್ತಾನೆ?

ಕೆಂಪು ಮೆಣಸು:
ಇದಕ್ಕೇ ಕಾಯುತ್ತಿದ್ದೆ ರೀ. ನಾವು ಹಾವೇರಿ ಜಿಲ್ಲೆಯವರು. ಬ್ಯಾಡಗಿಯಲ್ಲಿ ಕೂಗಾಟ ಇಲ್ಲ, ಎಲ್ಲ ಇ-ಟೆಂಡರ್. ಖರೀದಿದಾರ ಚೀಲ ನೋಡುತ್ತಾನೆ, ಕಂಪ್ಯೂಟರಿನಲ್ಲಿ ದರ ಹಾಕುತ್ತಾನೆ. ಯಾರು ಎಷ್ಟು ಹಾಕಿದ ಅಂತ ಪಕ್ಕದವನಿಗೆ ಗೊತ್ತಾಗುವುದಿಲ್ಲ. ನೀವೆಲ್ಲ ಕೇಳುತ್ತಿರುವುದು ಇದನ್ನೇ ಅಲ್ಲವೇನು?

ಈಗ 2024ರ ಮಾರ್ಚ್ 11 ನೆನಪಿಸಿಕೊಳ್ಳಿ. ಸೋಮವಾರ, ಸಂತೆ ದಿನ. ಲಕ್ಷಗಟ್ಟಲೆ ಚೀಲ ಬಂದಿತ್ತು. ಟೆಂಡರ್ ದರ ಹೊರಬಿದ್ದಾಗ ಹಿಂದಿನ ವಾರಕ್ಕಿಂತ ಎಷ್ಟೋ ಕೆಳಗೆ. ಜನ ಎಪಿಎಂಸಿ ಕಚೇರಿಗೆ ನುಗ್ಗಿದರು, ಗಾಡಿಗಳಿಗೆ ಬೆಂಕಿ ಬಿತ್ತು. ನಾನು ಆವತ್ತು ಅಲ್ಲಿದ್ದೆ. ನನ್ನದು 22 ಚೀಲ ಇತ್ತು. ಬೆಂಕಿ ಹಚ್ಚಿದ್ದು ಸರಿ ಅನ್ನುವುದಿಲ್ಲ. ಆದರೆ ನನ್ನ ಪಕ್ಕ ನಿಂತಿದ್ದ ಮುದುಕಪ್ಪ ಒಂದೇ ಮಾತು ಕೇಳುತ್ತಿದ್ದ. "ಇಷ್ಟು ಯಾರು ಕಡಿಮೆ ಮಾಡಿದ್ದು ಅಂತ ಹೇಳ್ರಿ, ಅವನ ಮುಖ ನೋಡಬೇಕು." ಕಂಪ್ಯೂಟರಿಗೆ ಎಲ್ಲಿಯ ಮುಖ?

ಕೂಗುವವನಾದರೆ ಅಂಗಿ ಹಿಡಿದು ಕೇಳಬಹುದಿತ್ತು. ನೀವು ಕೂಗುವ ಹುಡುಗನನ್ನು ತೆಗೆದುಹಾಕಿ ಅನ್ನುವಾಗ ಅದನ್ನೂ ಯೋಚಿಸಿ.

ಈರುಳ್ಳಿ ಹೊಲ:
ಅಣ್ಣ, ಅವನನ್ನು ತೆಗೆಯಿರಿ ಅಂತ ನಾನು ಹೇಳಲಿಲ್ಲ. ಅವನ ಎದೆ ಮೇಲೆ ಒಂದು ಹೆಸರು, ನಂಬರ್ ಇರಲಿ ಅಂದೆ. ಹಮಾಲನಿಗೆ ಇರುವ ಹಾಗೆ.

ಕರಿಕೋಟು:
ಮೆಣಸಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ರಾಜ್ಯ 2014ರಲ್ಲೇ ಎಲ್ಲ ಮಾರುಕಟ್ಟೆಗಳನ್ನು ಒಂದು ಏಕೀಕೃತ ಆನ್‌ಲೈನ್ ವೇದಿಕೆಗೆ ಜೋಡಿಸುವ ಕೆಲಸ ಶುರು ಮಾಡಿತು. ಕೇಂದ್ರದ ಇ-ನ್ಯಾಮ್, ಅಂದರೆ ಇಡೀ ದೇಶಕ್ಕೆ ಅಂತ ಮಾಡಿದ ಆನ್‌ಲೈನ್ ಕೃಷಿ ಮಾರುಕಟ್ಟೆ, ಬಂದದ್ದು ಅದಕ್ಕಿಂತ ಎರಡು ವರ್ಷ ತಡವಾಗಿ, 2016ರ ಏಪ್ರಿಲಿನಲ್ಲಿ. ನಮ್ಮದರಲ್ಲಿ ಮುಖ್ಯವಾದದ್ದು ಕಂಪ್ಯೂಟರ್ ಅಲ್ಲ, ಲೈಸೆನ್ಸ್. ಒಂದೇ ಲೈಸೆನ್ಸಿನಲ್ಲಿ ರಾಜ್ಯದ ಯಾವ ಮಾರುಕಟ್ಟೆಯಲ್ಲಿ ಬೇಕಾದರೂ ಕೊಳ್ಳಬಹುದು ಅಂತ ಮಾಡಿದರು. ಅದಕ್ಕೆ ಮೊದಲು ಒಂದೊಂದು ಎಪಿಎಂಸಿಗೆ ಒಂದೊಂದು ಲೈಸೆನ್ಸ್ ಬೇಕಿತ್ತು. 2020ರಲ್ಲಿ ಬಂದ ಒಂದು ಅಧ್ಯಯನ ಈ ವೇದಿಕೆಯಿಂದ ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5 ಏರಿತು ಅಂತ ಲೆಕ್ಕ ಹಾಕಿತ್ತು. ಮುಕ್ತ ಸಂತೆಯವರೇ, ಬೇಲಿ ಕಿತ್ತು ಹಾಕದೆ ಗೇಟು ಅಗಲ ಮಾಡಿದ ಉದಾಹರಣೆ ಇದು.

ಮುಕ್ತ ಸಂತೆ:
ಗೇಟು ಅಗಲವಾಗಿದ್ದರೆ ಹಿರಿಯೂರಿನವರಿಗೆ ಬಿಳಿ ಚೀಟಿ ಯಾಕೆ ಸಿಕ್ಕಿತು?

ಮಂಡಿ ಮನೆ ಹುಡುಗ:
ಬಿಳಿ ಚೀಟಿ ಯಾಕೆ ಅಂತ ನಾನು ಹೇಳುತ್ತೇನೆ. ಪಕ್ಕಾ ಬಿಲ್ ಹಾಕಿದರೆ ವ್ಯವಹಾರ ಕಾಗದಕ್ಕೆ ಬರುತ್ತದೆ. ಮಾರುಕಟ್ಟೆ ಶುಲ್ಕ ಕಟ್ಟಬೇಕು, ರೈತನಿಂದ ಕಮಿಷನ್ ಹಿಡಿದದ್ದನ್ನು ಬರೆಯುವುದಕ್ಕೆ ಆಗುವುದಿಲ್ಲ. ಆದ್ದರಿಂದ ಬಿಲ್ ಇಲ್ಲದ ಜೀರೋ ವ್ಯಾಪಾರ. ಈರುಳ್ಳಿ, ಟೊಮೆಟೊ, ಸೊಪ್ಪಿನಲ್ಲಿ ಇದು ಜಾಸ್ತಿ. ಆ ವೇದಿಕೆಗೆ ಒಗ್ಗಿದ್ದು ಒಣ ಮಾಲು. ಕೊಳೆಯುವ ಮಾಲಿಗೆ ಇವತ್ತಿಗೂ ಬಾಯಿಯೇ.

ಸುಮ್ನೆ ಓದುವವಳು:
ಯಾವಾಗಲೂ ಸುಮ್ನೆ ಓದಿ ಹೋಗುವವಳು ನಾನು, ಇವತ್ತು ಬರೆಯಬೇಕು ಅನಿಸಿತು. ನಮ್ಮ ಮನೆಯಲ್ಲಿ ಆದದ್ದು ಈರುಳ್ಳಿಯ ಹರಾಜಲ್ಲ, ಅಮ್ಮನ ಬಳೆಯದು. ಅಪ್ಪನ ಆಪರೇಷನ್‌ಗೆ ಒಂದು ಖಾಸಗಿ ಚಿನ್ನದ ಸಾಲದ ಕಂಪನಿಯಲ್ಲಿ ನಾಲ್ಕು ಬಳೆ ಇಟ್ಟಿದ್ದೆವು. ಬಡ್ಡಿ ಎರಡು ಸಲ ತಪ್ಪಿತು. ಬಿಡಿಸಲು ಹೋದಾಗ "ಹರಾಜಾಗಿದೆ" ಅಂದರು. ಯಾವಾಗ, ಎಲ್ಲಿ, ಯಾರು ಕೂಗಿದರು, ಯಾರು ಕೊಂಡರು, ಏನೂ ಹೇಳಲಿಲ್ಲ. ಅಮ್ಮ ಈಗಲೂ ಮದುವೆ ಮನೆಗಳಲ್ಲಿ ಬೇರೆಯವರ ಕೈ ನೋಡುತ್ತಾಳೆ. ಇದಕ್ಕೂ ನಿಯಮ ಇದೆಯಾ?

ಕರಿಕೋಟು:
ಇದೆ ಅಕ್ಕ, ಮಂಡಿಗಿಂತ ಗಟ್ಟಿಯಾಗಿಯೇ ಇದೆ. ಇಂಥ ಕಂಪನಿಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುತ್ತವೆ. ಸಾಲ ಪಡೆದವರಿಗೆ ಮುಂಚೆ ನೋಟಿಸ್ ಕೊಡಬೇಕು. ಕನಿಷ್ಠ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕಂಪನಿಯ ಆಡಳಿತ ಮಂಡಳಿ ಒಪ್ಪಿದ ಹರಾಜುಗಾರರಿಂದಲೇ ಹರಾಜು ಮಾಡಿಸಬೇಕು. ಕಂಪನಿ ತಾನೇ ಕೂಗಿ ಕೊಳ್ಳುವಂತಿಲ್ಲ. ಸಾಲ, ಬಡ್ಡಿ, ಖರ್ಚು ಕಳೆದು ಉಳಿದದ್ದು ನಿಮ್ಮದು. ಹರಾಜಿನ ಪೂರ್ತಿ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಗೆ ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ದೂರು ಕೇಳುವ ಅಧಿಕಾರಿಯ ಬಳಿಗೆ, ಹೋಗಬಹುದು. ಬಳೆ ಸಿಗುತ್ತದೆ ಅಂತ ಹೇಳಲಾರೆ. ಉಳಿಕೆ ದುಡ್ಡು ಸಿಗಬಹುದು.

ಸುಮ್ನೆ ಓದುವವಳು:
ಉಳಿಕೆ ಅಂತ ಒಂದು ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ನಾಳೆಯೇ ಬರೆಯುತ್ತೇನೆ.

ಈರುಳ್ಳಿ ಹೊಲ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಎಪಿಎಂಸಿ ಕಾರ್ಯದರ್ಶಿಗಳ ಬಳಿ ಹೋಗಿದ್ದೆ. ಕೂರಿಸಿ ಮಾತಾಡಿಸಿದರು, ಒಳ್ಳೆಯವರೇ. ಬಿಳಿ ಚೀಟಿ ತೋರಿಸಿದೆ. "ಇದರಲ್ಲಿ ಅಂಗಡಿ ಹೆಸರೆಲ್ಲಿದೆ?" ಅಂದರು. ಇಲ್ಲ. "ಇವರೇ ಕೊಟ್ಟರು ಅನ್ನುವುದಕ್ಕೆ ಏನಿದೆ?" ಅಂದರು. ಅದೂ ಇಲ್ಲ. ದೂರು ಬರೆಸಿಕೊಂಡು ಸೀಲು ಹಾಕಿ ಒಂದು ಪ್ರತಿ ಕೊಟ್ಟರು. ನನ್ನ ಹತ್ತಿರ ಈಗ ಇರುವ ಪಕ್ಕಾ ಕಾಗದ ಅದೊಂದೇ.

ಹೋದ ವಾರ ಮತ್ತೆ 45 ಚೀಲ ಹಾಕಿಕೊಂಡು ಹೋದೆ. ಈ ಸಲ ಅಣ್ಣನ ಮಗನನ್ನು ಕರೆದುಕೊಂಡು ಹೋಗಿದ್ದೆ. ಬೇರೆ ಮಂಡಿ. ಚೀಲ ಇಳಿಸುವ ಮೊದಲೇ ಕೇಳಿದೆ, ಲೈಸೆನ್ಸ್ ನಂಬರ್ ಏನು, ಪಕ್ಕಾ ಬಿಲ್ ಕೊಡುತ್ತೀರಾ ಅಂತ. ಯಜಮಾನರು ಗೋಡೆ ಮೇಲೆ ಕಟ್ಟು ಹಾಕಿಸಿದ್ದ ಕಾಗದ ತೋರಿಸಿದರು. ನಂಬರನ್ನು ಹುಡುಗ ಫೋಟೊ ಹೊಡೆದುಕೊಂಡ. ಹರಾಜು ಆಗುವಾಗಲೂ ವಿಡಿಯೊ ಮಾಡಿದ. ಕೂಗುವವನು ಎರಡು ಸಲ ಫೋನಿನ ಕಡೆ ನೋಡಿದ, ಏನೂ ಅನ್ನಲಿಲ್ಲ. ಮೂರು ಸಲ ಸರಿಯಾಗಿ ಕೇಳಿ ಮುಗಿಸಿದ. 1,720.

ಬಿಲ್ ಕೊಟ್ಟರು. ಸೂಟು ಇಲ್ಲ. ಕಮಿಷನ್ ಕಾಲಮ್ಮಿನಲ್ಲಿ ಸೊನ್ನೆ. ಕೆಳಗೆ "ಇತರೆ" ಅಂತ 900 ರೂಪಾಯಿ. ಇತರೆ ಅಂದರೆ ಏನು ಸ್ವಾಮಿ ಅಂದೆ. "ಇತರೆ ಅಂದರೆ ಇತರೆ" ಅಂದರು.

ನಿವೃತ್ತ ತಕ್ಕಡಿ:
ಆ ಬಿಲ್ ಎಸೆಯಬೇಡ. ಅದರಲ್ಲಿ ಅಂಗಡಿ ಹೆಸರಿದೆ, ನಂಬರ್ ಇದೆ, ಇತರೆ ಅಂತ ಅವರೇ ಬರೆದಿದ್ದಾರೆ. ಹೋದ ಸಲ ಇಲ್ಲದ್ದು ಈ ಸಲ ಇದೆ. ಅದನ್ನು ಹಿಡಿದುಕೊಂಡು ಮತ್ತೆ ಕಾರ್ಯದರ್ಶಿಗಳ ಹತ್ತಿರ ಹೋಗು. ಒಬ್ಬನೇ ಹೋಗಬೇಡ, ಇನ್ನೂ ಇಬ್ಬರ ಬಿಲ್ ಇದ್ದರೆ ಒಳ್ಳೆಯದು.

ಮಂಡಿ ಮನೆ ಹುಡುಗ:
ಇತರೆ ಅಂದರೆ ಏನು ಅಂತ ನನಗೆ ಗೊತ್ತು. ನಮ್ಮ ಬಿಲ್ಲಿನಲ್ಲೂ ಆ ಸಾಲು ಇದೆ. ಅಪ್ಪನ ಹತ್ತಿರ ಇವತ್ತು ರಾತ್ರಿ ಮಾತಾಡುತ್ತೇನೆ.

ಈರುಳ್ಳಿ ಹೊಲ:
ಮುಂದಿನ ಗುರುವಾರ ನನ್ನದು ಕೊನೆಯ ಲೋಡು, 38 ಚೀಲ. ಹಿರಿಯೂರು, ಚಳ್ಳಕೆರೆ ಕಡೆಯಿಂದ ಯಾರಾದರೂ ಬರುವವರಿದ್ದರೆ ಹೇಳಿ. ಲಾರಿಯಲ್ಲಿ ಜಾಗ ಇದೆ, ಬಾಡಿಗೆ ಹಂಚಿಕೊಳ್ಳೋಣ. ಹಳೆಯ ಬಿಲ್ ಇದ್ದರೆ ಮರೆಯದೆ ತನ್ನಿ. ಬಿಳಿ ಚೀಟಿ ಆದರೂ ಪರವಾಗಿಲ್ಲ.